ಅಪ್ಪನ ಅಂಗಿಯ ಮೇಲಿನ ಗುಂಡಿ

ಹಿಂಗಾರಿನ ಗಾಳಿ ಶುರುವಾಯಿತೆಂದರೆ ನಮ್ಮೂರಿನಲ್ಲಿ ಒಂಬತ್ತು ದಿನ ಹೆದರಿಕೆ ಮನೆಗಳು ತೆರೆಯುತ್ತವೆ. ಬೀದಿಗೊಂದು. ನಮ್ಮ ಬೀದಿಯದು ಮುಚ್ಚಿಹೋದ ಐಸ್ ಕ್ಯಾಂಡಿ ಫ್ಯಾಕ್ಟರಿಯಲ್ಲಿ. ಬಾಗಿಲಿಗೆ ಕಣ್ಣು, ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳಕಾಯಿ ತೂಗುಹಾಕಿ, ಕಿಟಕಿಗಳಿಗೆ ಮಸಿ ಬಳಿದ ಗೋಣಿತಾಟು ಬಿಗಿದರೆ ಮಟಮಟ ಮಧ್ಯಾಹ್ನವೂ ಒಳಗೆ ಕಣ್ಣು ಪಳಗುವವರೆಗೆ ಕಗ್ಗತ್ತಲೆ. ಊಟ ಮುಗಿಸಿಕೊಂಡು ಬಂದ ಜನ ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕುತ್ತೇವೆ. ಬಂದವರಿಂದ ಚಪ್ಪಲಿ ಬಿಡಿಸಿ ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೆಲಸ ನನ್ನದು. ಕಳಿಸುವ ಮೊದಲು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: "ಮೊದ್ಲು ಪಾದ ನೋಡಿ. ಮುಖ ಆಮೇಲೆ."

ಯಾಕೆಂದರೆ ನಮ್ಮೂರಿನಲ್ಲಿ ತೀರಿಕೊಂಡವರು ಹೆದರಿದವರ ಕಣ್ಣಿಗೆ ಮಾತ್ರ ಬೀಳುತ್ತಾರೆ. ಅವರವರ ಮನೆಯವರು ಅವರವರಿಗೆ. ಅದೂ ಹೆದರಿಕೆಗೆ ಎದೆ ಹೊಡೆದುಕೊಳ್ಳುತ್ತಿರುವಷ್ಟು ಹೊತ್ತು ಮಾತ್ರ. ಮೊದಲ ಸಲ ಬಂದವರು ಇಲ್ಲೇ ಎಡವುವುದು. ಕತ್ತಲಲ್ಲಿ ಯಾರೋ ಕಾಲು ಹಿಡಿದೆಳೆದಾಗ ಜೀವ ಬಾಯಿಗೆ ಬರುತ್ತದೆ, ಎದುರಿಗೆ ಹೆತ್ತ ತಾಯಿ ನಿಂತಿರುತ್ತಾಳೆ, ಆ ಮುಖ ಕಂಡದ್ದೇ ತಡ ಎದೆ ನಿರಾಳವಾಗಿಬಿಡುತ್ತದೆ. ಅಲ್ಲಿಗೆ ಮುಗಿಯಿತು, ತಾಯಿ ನಿಂತಿದ್ದ ಜಾಗದಲ್ಲಿ ಬರೀ ಗೋಡೆ. ಪಳಗಿದವರು ಹಾಗೆ ಮಾಡುವುದಿಲ್ಲ. ಪಾದದಿಂದ ಶುರುಮಾಡಿ, ಸೀರೆಯ ಅಂಚು, ಕೈಬೆರಳು, ಬಳೆ ಅಂತ ನಿಧಾನವಾಗಿ ಮೇಲೆ ಹೋಗುತ್ತಾರೆ. ಮುಖಕ್ಕೆ ಬರುವಷ್ಟರಲ್ಲಿ ನಾಲ್ಕು ಮಾತಾದರೂ ಆಗಿರುತ್ತದೆ. ಕಂಡವರಿಗಷ್ಟೇ ಆ ಮಾತು ಕೇಳುವುದು.

ನಮ್ಮ ಬೀದಿಯ ಮನೆ ಕಟ್ಟುವವಳು ನಮ್ಮವ್ವ, ಗೌರಮ್ಮ. ಮೂವತ್ತು ವರ್ಷದಿಂದ ರಟ್ಟಿನ ಅಸ್ಥಿಪಂಜರ ಕತ್ತರಿಸುವವಳು, ಮೈದಾ ಅಂಟು ಕಾಯಿಸುವವಳು, ಮುಖಕ್ಕೆ ತಾಗಲೆಂದು ಬಾಗಿಲಿಗೆ ನೂಲು ಇಳಿಬಿಡುವವಳು ಎಲ್ಲ ಅವಳೇ. ಒಣ ನೂಲು ಕಚಗುಳಿ ಇಡುತ್ತದೆ, ಒದ್ದೆ ನೂಲೇ ಹೆದರಿಸುವುದು ಎಂದು ಕಂಡುಹಿಡಿದವಳೂ ಅವಳೇ. ಎರಡನೇ ಕೋಣೆಯಲ್ಲಿ ತಲೆಯ ಹಿಂದೆ ತಗಡಿನ ತಟ್ಟೆ ಯಾವಾಗ ಬೀಳಬೇಕು, ಮೂರನೇ ಕೋಣೆಯಲ್ಲಿ ಹಳೆಯ ಐಸ್ ತೊಟ್ಟಿಯೊಳಗೆ ಅವಿತಿರುವ ದರ್ಜಿ ಕಾಳಿಂಗಣ್ಣ ಯಾವಾಗ ಕೈ ಚಾಚಿ ಕಾಲು ಹಿಡಿಯಬೇಕು, ಎಲ್ಲ ಅವಳ ಲೆಕ್ಕಾಚಾರ. ಇಡೀ ಬೀದಿಗೆ ತಮ್ಮ ತಮ್ಮವರನ್ನು ತೋರಿಸಿಕೊಟ್ಟವಳು. ಅವಳಿಗೆ ಮಾತ್ರ ಅವಳ ಗಂಡ ಒಂದು ದಿನವೂ ಕಾಣಲಿಲ್ಲ. ತಾನೇ ಕಟ್ಟಿದ ಹಗ್ಗಕ್ಕೆ ತಾನು ಹೆದರುವುದು ಹೇಗೆ?

ಬೇರೆ ಬೀದಿಯ ಹೆದರಿಕೆ ಮನೆಗಳಿಗೂ ಅವಳನ್ನು ಕರೆದುಕೊಂಡು ಹೋಗಿದ್ದೆ. ಕೆಳಗಿನ ಬೀದಿಯಲ್ಲಿ ಮೇಲಿಂದ ಧೊಪ್ಪೆಂದು ಬಿದ್ದ ರಟ್ಟಿನ ಪಿಶಾಚಿಯನ್ನು ಹಿಡಿದು ನಿಲ್ಲಿಸಿ, ಅದರ ಕಿತ್ತುಹೋಗಿದ್ದ ಕಿವಿಯನ್ನು ಎಂಜಲು ಹಚ್ಚಿ ಅಂಟಿಸಿ ಬಂದಳು. ಕೋಟೆ ಬೀದಿಯವರು ಹೊಸದಾಗಿ ಮಾಡಿದ್ದ ನರಳುವ ಬಾವಿಯೊಳಗೆ ಬಗ್ಗಿ, "ಯಾರಪ್ಪ ಒಳಗಿರೋನು? ತಂಡಿ ಹತ್ತುತ್ತೆ, ಒಂದು ಕಂಬಳಿನಾದ್ರೂ ಹೊದ್ಕೋ" ಅಂದಳು. ಒಳಗೆ ನರಳುತ್ತಿದ್ದವನು "ಆಯ್ತು ಗೌರಕ್ಕ" ಅಂದ. ಅವನ ನರಳಾಟ ಅವತ್ತಿಗೆ ಅಷ್ಟೇ ಆಯಿತು.

ನನ್ನ ಕಥೆ ತಿರುಗುಮುರುಗು. ನನಗೆ ತಗಡೂ ಬೇಡ, ಒದ್ದೆ ನೂಲೂ ಬೇಡ, ಅಪ್ಪ ಗಂಟಲು ಸರಿಮಾಡಿಕೊಂಡರೆ ಸಾಕು. ಅಪ್ಪ, ಮರಿಬಸಪ್ಪನವರು, ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಊರಿನ ತಕ್ಕಡಿಗಳೆಲ್ಲ ಅವರನ್ನು ಕಂಡರೆ ನೆಟ್ಟಗಾಗುತ್ತಿದ್ದವು, ಮನೆಯಲ್ಲಿ ನಾನು. ಹಾಲಿನ ಪಾವಿನಲ್ಲಿ ನೊರೆ ಎಷ್ಟು ಹಾಲು ಎಷ್ಟು, ನನ್ನ ಜಡೆ ಎರಡೂ ಕಡೆ ಸಮವೋ ಇಲ್ಲವೋ, ಎಲ್ಲವನ್ನೂ ನೋಡುವವರು. ಕೈ ಎತ್ತಿದವರಲ್ಲ. ಎಡಗಣ್ಣನ್ನು ಕೊಂಚ ಕಿರಿದುಮಾಡಿ ಸುಮ್ಮನೆ ನೋಡುತ್ತಿದ್ದರು, ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ. ಅಷ್ಟಕ್ಕೇ ನಾನು ಜಡೆ ಬಿಚ್ಚಿ ಮತ್ತೆ ಹೆಣೆಯಲು ಓಡುತ್ತಿದ್ದೆ. ದೊಡ್ಡವಳಾದ ಮೇಲೆ ತೂಕವಿಲ್ಲದ ವ್ಯಾಪಾರ ಯಾವುದು ಎಂದು ಹುಡುಕಿಯೇ ನಾನು ಬಳೆ ಅಂಗಡಿ ಇಟ್ಟದ್ದು. "ತೂಕ ಇಲ್ಲದ್ದು ಎಂಥ ವ್ಯಾಪಾರ" ಎಂದು ಅಪ್ಪ ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ. ಅವ್ವ ಮಾತ್ರ ಅವರ ಸಿಟ್ಟಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. "ನಿಮ್ಮಪ್ಪಂದು ಹಾಲುಕ್ಕಿದಂಗೆ ಕಣೇ. ಒಲೆ ತಣ್ಣಗೆ ಮಾಡಿದ್ರೆ ಮುಗೀತು" ಅನ್ನುವಳು. ಹಾಗೆ ಅವರಿಗೆ ಎಂದೂ ಹೆದರದೆ ಇದ್ದದ್ದಕ್ಕೇ ಈಗ ಅನುಭವಿಸುತ್ತಿದ್ದಳು.

ಅವರು ಹೋಗಿ ಆರು ವರ್ಷ. ಬೆಳಿಗ್ಗೆ ಸಂತೆಯ ತಕ್ಕಡಿ ನೋಡಲು ಹೊರಟವರ ಅಂಗಿಯ ಮೇಲಿನ ಗುಂಡಿ ಹೊಸಿಲು ದಾಟುವಾಗ ಕಿತ್ತುಬಂತು. "ಹಾಕು" ಅಂದರು. ಅವ್ವನ ಕೈ ರೊಟ್ಟಿ ಹಿಟ್ಟಿನಲ್ಲಿತ್ತು. "ಹೋಗ್ರೀ, ಸಾಯಂಕಾಲ ಹಾಕ್ತೀನಿ" ಅಂದಳು. ಸಾಯಂಕಾಲ ಅವರು ಬರಲಿಲ್ಲ, ಸಂತೆಯಲ್ಲೇ ಕುಸಿದಿದ್ದರು.

ಆ ವರ್ಷದ ಒಂಬತ್ತು ದಿನಗಳಲ್ಲಿ, ಮೂರನೇ ಕೋಣೆಯಲ್ಲಿ, ತೊಟ್ಟಿಯ ಪಕ್ಕದ ಗೋಡೆಗೆ ಬೆನ್ನು ತಾಗಿಸದೆ ನೆಟ್ಟಗೆ ನಿಂತ ಅಪ್ಪ ನನಗೆ ಕಂಡರು. ಗಂಟಲು ಸರಿಮಾಡಿಕೊಂಡು, "ಎಷ್ಟೊತ್ತು?" ಅಂದರು. ಉಳಿದವರಿಗೆ ನಾಲ್ಕು ಮಾತಿನಷ್ಟು ಹೊತ್ತು ಕಾಣುವವರು ನನಗೆ ಕಾಲು ಗಂಟೆ ಕಂಡರು. ನನ್ನ ಹೆದರಿಕೆ ಅಷ್ಟು ಗಟ್ಟಿ.

ಅಂದಿನಿಂದ ಪ್ರತಿ ವರ್ಷ ನಾನು ಹೊರಗೆ ಬರುವುದನ್ನೇ ಕಾದು ಅವ್ವ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಕೈಯಲ್ಲಿ ಅಂಟಿನ ಕುಂಚವೋ ಕತ್ತರಿಯೋ ಇರುತ್ತಿತ್ತು, ಏನೋ ಕೆಲಸವಿದ್ದು ಅಲ್ಲಿ ನಿಂತವಳ ಹಾಗೆ.

"ಹೆಂಗವ್ರೆ?"

"ಹಂಗೇ ಇದಾರೆ."

"ಸೊರಗಿದಾರಾ?"

"ಇಲ್ಲವ್ವ."

"ಅಂಗಿ?"

"ಅದೇ ತುಂಬುತೋಳಿಂದು."

"ಗುಂಡಿ?"

"ಮೇಲಿಂದಿಲ್ಲ."

ಈ ಕಡೆಯ ಮಾತಿಗೆ ಅವಳು ಪ್ರತಿ ಸಲ ಬಾಯೊಳಗೆ ಲೊಚಗುಟ್ಟುತ್ತಿದ್ದಳು. ಎರಡನೇ ವರ್ಷ ನನ್ನ ಕೈಗೇ ಸೂಜಿ, ಗುಂಡಿ ಕೊಟ್ಟು ಕಳಿಸಿದಳು. ನಾನು ಸೂಜಿ ಹಿಡಿದು ಅಪ್ಪನ ಮುಂದೆ ನಿಂತರೆ ಅವರು ಎಡಗಣ್ಣು ಕಿರಿದುಮಾಡಿದರು. "ನೀನ್ಯಾಕೆ? ಸಾಯಂಕಾಲ ಹಾಕ್ತೀನಿ ಅಂದಿದಾಳೆ ನಿಮ್ಮವ್ವ. ಬರ್ತಾಳೆ ಬಿಡು."

ಹೊರಗೆ ಬಂದು ಅವ್ವನಿಗೆ ಅದನ್ನು ಹೇಳಬಾರದಿತ್ತೋ ಏನೋ. ಹೇಳಿದೆ. ಅವಳು ಬಿಳಿ ನೂಲು ಪೋಣಿಸಿದ ಆ ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಸೆರಗಿಗೆ ಚುಚ್ಚಿಕೊಂಡಳು. ಅಲ್ಲಿಂದ ಮುಂದೆ ಆ ಒಂಬತ್ತು ದಿನ ಅವಳ ಸೆರಗಿನಲ್ಲಿ ಸೂಜಿ ಇರದ ವರ್ಷವಿಲ್ಲ. ಅಂಟು ಹಚ್ಚಿ, ಹಗ್ಗ ಕಟ್ಟಿ, ಎಲ್ಲರೂ ಹೋದ ಮೇಲೆ ಮೂರನೇ ಕೋಣೆಯಲ್ಲಿ ಒಬ್ಬಳೇ ಹೋಗಿ ನಿಲ್ಲುವಳು. ಬರಿಯ ಗೋಡೆ ನೋಡಿ ಬರುವಳು. ಆದರೂ ನನ್ನ ಹೆದರಿಕೆಯೊಂದು ಇದೆಯಲ್ಲ, ಅಪ್ಪನ ಸುದ್ದಿಯಾದರೂ ಅವಳಿಗೆ ಮುಟ್ಟುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈ ವರ್ಷ ಅದಕ್ಕೂ ಕಲ್ಲು ಬಿತ್ತು. ಬೀಳಿಸಿದವಳು ನನ್ನ ಅಂಗಡಿಯ ಎದುರಿಗೆ ಸೊಪ್ಪು ಮಾರುವ ಸಾಕಮ್ಮ. ಹೆದರಿಕೆ ಮನೆ ತೆರೆಯುವ ಹಿಂದಿನ ವಾರ, ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಾ, ಏನೋ ನೆನಪಾದಂತೆ ಅಂದಳು:

"ನೀಲವ್ವ, ಇನ್ನೆಷ್ಟು ದಿನ ಹೊಟ್ಟೇಲಿಟ್ಕಳ್ಳಾನ. ನೀನು ಅಂಗಡಿ ಇಟ್ಟ ಹೊಸದ್ರಲ್ಲಿ ನಿಮ್ಮಪ್ಪಾರು ದಿನಾ ಕೊಡೆ ಹಿಡ್ಕಂಡು ಬಂದು ನನ್ನ ಪಕ್ಕ ನಿಲ್ಲೋರು. ಸೊಪ್ಪು ತಗಂತಾರೇನೋ ಅಂತ ನಾನು ಕಟ್ಟು ಮುಂದೆ ಹಿಡಿದ್ರೆ, 'ಯಾರಾದ್ರೂ ಬಂದ್ರಾ ಒಳೀಕೆ?' ಅನ್ನೋರು. ಇಲ್ಲ ಬುದ್ಧಿ ಅಂದ್ರೆ ಮಕ ಇಷ್ಟಾಗೋದು. ಐದನೇ ದಿನ ನನಗೇ ಅಂದ್ರು, ಹೋಗಿ ಒಂದು ಡಜನ್ ಬಳೆ ತೊಟ್ಕಂಡು ಬಾ, ನಾನು ಹೇಳ್ದೆ ಅನ್ಬೇಡ ಅಂತ. ಆಣೆ ಇಡಿಸ್ಕಂಡಿದ್ರು ಕಣವ್ವ."

ನನ್ನ ಮೊದಲ ಗಿರಾಕಿ ಸಾಕಮ್ಮ. ಎರಡು-ಆರರ ಅಳತೆ, ಹಸಿರು ಗಾಜಿನ ಬಳೆ. ಮೊದಲ ಬೋಣಿಗೆಯ ಸಂಭ್ರಮದಲ್ಲಿ ಮನೆಗೆ ಓಡಿಹೋಗಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಹ್ಞೂಂ. ಅಳತೆ ಸರಿಯಾಗಿ ನೋಡಿ ಕೊಟ್ಟೆಯಾ?" ಎಂದಿದ್ದರು. ನಾನು ಅವತ್ತು ಅತ್ತಿದ್ದೆ. ಈಗ ಅಂಗಡಿಯ ಪರದೆ ಎಳೆದುಕೊಂಡು ಇನ್ನೊಮ್ಮೆ ಅತ್ತೆ. ಬೇರೆ ಅಳು ಅದು. ಅಪ್ಪನ ಮೇಲೆ ಅಷ್ಟು ಪ್ರೀತಿ ನನ್ನೊಳಗೆ ಎಲ್ಲಿತ್ತೋ, ಒಂದೇ ಸಲ ಬಂತು.

ಬಂದದ್ದು ಸರಿ, ಹೆದರಿಕೆಯನ್ನು ಕೊಚ್ಚಿಕೊಂಡೇ ಬಂತು. ಮೊದಲ ದಿನ ಮೂರನೇ ಕೋಣೆಗೆ ಹೋದರೆ ಅಪ್ಪ ನೂರು ಸಲ ಒಗೆದ ಬಟ್ಟೆಯ ಹಾಗೆ ಮಾಸಿಹೋಗಿದ್ದರು. "ಏನು ಹಂಗೆ ನೋಡ್ತೀಯ?" ಅಂದದ್ದು ಎಲ್ಲೋ ದೂರದಿಂದ ಕೇಳಿಸಿತು. ಸಾಕಮ್ಮ ಹೇಳಿದಳು ಅಪ್ಪ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬರುತ್ತಿದ್ದಂತೆಯೇ ಅವರ ಭುಜದ ಮೂಲಕ ಗೋಡೆಯ ಬಿರುಕು ಕಾಣಿಸಿತು. ಮಾತು ನುಂಗಿಕೊಂಡು ಹೊರಗೆ ಓಡಿಬಂದೆ.

"ಹೆಂಗವ್ರೆ?" ಎಂದಳು ಅವ್ವ.

"ಹಂಗೇ ಇದಾರೆ."

ಏಳು ದಿನ ಅದೇ ಸುಳ್ಳು. ಹೆದರಿಕೆ ಬರಲೆಂದು ನಾನು ಮಾಡದ ಉಪಾಯವಿಲ್ಲ. ಲೆಕ್ಕದಲ್ಲಿ ಫೇಲಾದ ದಿನ, ಜಡೆ ಕತ್ತರಿಸಿಕೊಂಡು ಬಂದ ದಿನ, ಹಾಲಿನ ಪಾವು ಉರುಳಿಸಿದ ದಿನ ಎಲ್ಲ ಒಂದೊಂದಾಗಿ ನೆನೆಸಿಕೊಂಡೆ. ಯಾವುದನ್ನು ನೆನೆಸಿಕೊಂಡರೂ ಅದರ ಹಿಂದೆ ಸೊಪ್ಪಿನ ಬುಟ್ಟಿಯ ಪಕ್ಕ ಕೊಡೆ ಹಿಡಿದು ನಿಂತ ಅಪ್ಪ ಬಂದು ನಿಲ್ಲುತ್ತಿದ್ದರು. ಎಂಟನೇ ದಿನ ಒಂದು ಗೆರೆಯಷ್ಟು ಉಳಿದಿದ್ದರು. ಅಂದು ಸಂಜೆ ಮನೆಯಲ್ಲಿ ಅವ್ವ ಹೊಲಿಗೆಯ ಡಬ್ಬಿ ಕೆದಕುತ್ತಾ ಕೂತಿದ್ದಳು. ಹಳೆಯ ಗುಂಡಿ ಎಲ್ಲೋ ಬಿದ್ದುಹೋಗಿದೆ ಎಂದು ಬೇರೆಯದನ್ನು ಹುಡುಕಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

"ಅದು ಎರಡು ತೂತಿಂದವ್ವ. ಅಂಗೀದು ನಾಲ್ಕು ತೂತಿಂದು."

"ಬಿಳೀದು ತಾನೆ. ಅವ್ರಿಗೇನು ಗೊತ್ತಾಗುತ್ತೆ ಬಿಡು."

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಸಾಕಮ್ಮನ ಮಾತು, ಏಳು ದಿನದ ಸುಳ್ಳು, ನಾಳೆಗೆ ಅಪ್ಪ ಇರುತ್ತಾರೋ ಇಲ್ಲವೋ ಅನ್ನುವುದು. ಅವ್ವ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ತಲೆ ಸವರಿದಳು.

"ಒಳ್ಳೇದೇ ಆಯ್ತಲ್ಲೇ. ಈಗ್ಲಾದ್ರೂ ಗೊತ್ತಾಯ್ತಲ್ಲ ನಿಂಗೆ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಬಿಸಿಲಲ್ಲಿ ಕೊಡೆ ಹಿಡ್ಕೊಂಡು ಎಲ್ಲಿಗ್ರೀ ಹೋಗ್ತೀರಾ ಅಂತ ದಿನಾ ಕೇಳ್ತಿದ್ದೆ. ಮಾತು ತೇಲಿಸೋರು. ಗೊತ್ತಾಗಲ್ವೇನೇ ನಂಗೆ." ಡಬ್ಬಿಯ ಮುಚ್ಚಳ ಹಾಕಿದಳು. "ನಾಳೆ ನಾನೂ ಬರ್ತೀನಿ ನಿನ್ ಜೊತೆ."

ಇಬ್ಬರನ್ನು ಒಟ್ಟಿಗೆ ಬಿಡುವುದು ನಮ್ಮಲ್ಲಿ ರೂಢಿಯಿಲ್ಲ. ಜೊತೆಗೆ ಜನವಿದ್ದರೆ ಹೆದರಿಕೆ ಹರಿದು ಹಂಚಿಹೋಗುತ್ತದೆ. ಆದರೆ ಗೌರಕ್ಕನಿಗೆ ಬೇಡ ಅನ್ನುವವರು ಯಾರು? ಒಂಬತ್ತನೇ ದಿನ ಸಾಲೆಲ್ಲ ಕರಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ನಾವಿಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕಾಳಿಂಗಣ್ಣನಿಗೆ ವಿಷಯ ತಿಳಿದಿತ್ತು. ಗೌರಕ್ಕನನ್ನು ಇವತ್ತು ಹೆದರಿಸಿಯೇ ಹೆದರಿಸುತ್ತೇನೆ ಎಂದು ಮುಖಕ್ಕೆ ಸುಣ್ಣ ಬಳಿದುಕೊಂಡು ತೊಟ್ಟಿಯೊಳಗೆ ಕೂತಿದ್ದ. ಒದ್ದೆ ನೂಲು ಮುಖಕ್ಕೆ ತಾಗಿದಾಗ ಅವ್ವ, "ಒಣಗಿಬಿಟ್ಟಿದೆ, ನೀರು ಸಾಲ್ದು" ಅಂದಳು. ತಗಡಿನ ತಟ್ಟೆ ಬಿದ್ದಾಗ, "ಹಗ್ಗ ಸಡಿಲ ಆಗಿದೆ ನೋಡು" ಅಂದಳು. ಕಾಳಿಂಗಣ್ಣ ಕೈ ಚಾಚಿ ಅವಳ ಕಾಲು ಹಿಡಿದು ಗೊಗ್ಗರು ದನಿಯಲ್ಲಿ ಕೂಗಿದ.

"ಎದ್ದೇಳು ಕಾಳಿಂಗಣ್ಣ, ಮಂಡಿನೋವು ನಿಂಗೆ" ಎಂದಳು ಅವ್ವ.

ಪಾಪ, ಅವನು ತೊಟ್ಟಿಯಿಂದ ಎದ್ದು, ಸುಣ್ಣದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಹೋದ.

ನಾವಿಬ್ಬರೇ ಉಳಿದೆವು. ಅಪ್ಪ ಇದ್ದರು. ಇದ್ದರು ಅನ್ನುವುದಕ್ಕಿಂತ, ಇನ್ನೂ ಪೂರ್ತಿ ಹೋಗಿರಲಿಲ್ಲ. ಅಂಗಿಯ ಕಾಲರು, ಎಡಗಣ್ಣು, ಅಷ್ಟೇ. ಅವ್ವನ ಕೈ ಹಿಡಿದುಕೊಂಡು ಎಲ್ಲಿದ್ದಾರೆ ಎಂದು ಬೆರಳು ಮಾಡಿ ತೋರಿಸಿದೆ. ಅವಳು ಗೋಡೆಯತ್ತ ನೋಡಿದಳು. ಈ ಕೋಣೆಗೆ ಬಂದಾಗೆಲ್ಲ ನೋಡುತ್ತಿದ್ದ ಹಾಗೆಯೇ ನೋಡಿದಳು.

ಹೇಗೂ ಹೋಗುತ್ತಿದ್ದಾರೆ. ಹೇಳದೆ ಕಳಿಸುವುದಕ್ಕಿಂತ ಹೇಳಿ ಕಳಿಸುವುದೇ ಮೇಲು ಅನ್ನಿಸಿತು.

"ಅಪ್ಪ, ಸಾಕಮ್ಮ ಹೇಳಿದ್ಲು."

ಎಡಗಣ್ಣು ಕಿರಿದಾಯಿತು. "ಬಾಯಿ ಬಿಟ್ಲಾ ಆ ಮುದುಕಿ" ಎಂದರು. ನನ್ನ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನಪ್ಪ ನಾಚಿಕೊಂಡದ್ದನ್ನು ನೋಡಿದೆ. ನನಗೆ ನಗು ಬಂತು. ನಕ್ಕೆ. ಅಷ್ಟೇ, ಗೋಡೆ ಉಳಿಯಿತು, ಗೋಡೆಯ ಬಿರುಕು ಉಳಿಯಿತು.

"ಅವ್ವ, ಹೋದ್ರು."

"ನಾಳೆ..." ಎನ್ನಹೊರಟವಳು ನಾಳೆ ಇಲ್ಲವೆಂದು ನೆನಪಾಗಿ ನಿಲ್ಲಿಸಿದಳು. "ಬರೋ ವರ್ಷ ನೋಡಿದ್ರಾಯ್ತು ಬಿಡು."

"ಇಲ್ಲವ್ವ. ನಂಗಿನ್ನು ಅವರು ಕಾಣಲ್ಲ. ಒಂಚೂರೂ ಹೆದರಿಕೆ ಇಲ್ಲ ನಂಗೆ."

ಅವಳು ನನ್ನ ಮುಖ ನೋಡಿದಳು. "ಒಂಚೂರೂ?"

"ಒಂಚೂರೂ."

"ಹಂಗಾದ್ರೆ ಯಾರು ನೋಡೋರು ಅವರ್ನ? ಸಾಯಂಕಾಲ ಹಾಕ್ತೀನಿ ಅಂದಿದೀನಲ್ಲೇ. ನಿಂತೇ ಇರ್ತಾರಲ್ಲೇ ಅವ್ರು."

ಆ ದನಿಯನ್ನು ನಾನು ಮುಂಚೆ ಕೇಳಿರಲಿಲ್ಲ. ನನ್ನ ಕೈಯೊಳಗಿದ್ದ ಅವಳ ಕೈ ತಣ್ಣಗಾಯಿತು, ಬೆರಳು ನಡುಗತೊಡಗಿದವು. ಪಿಶಾಚಿಯ ಕಿವಿ ಅಂಟಿಸಿ ಬಂದ ಬೆರಳುಗಳು. ಅವಳ ಕಣ್ಣು ನನ್ನ ಮುಖದಿಂದ ಸರಿದು ಗೋಡೆಯ ಬುಡಕ್ಕೆ ಹೋಗಿ ನಿಂತಿತು.

"ಪಾದ ನೋಡವ್ವ" ಎಂದೆ ನಾನು. "ಮುಖ ನೋಡಬೇಡ. ಮುಖ ಆಮೇಲೆ."

ಅವಳು ಮುಖ ನೋಡಲಿಲ್ಲ. ಸಾವಿರಾರು ಜನಕ್ಕೆ ದಾರಿ ಮಾಡಿಕೊಟ್ಟವಳಿಗೆ ಅದನ್ನು ಹೇಳಿಕೊಡಬೇಕೆ? ಕಣ್ಣನ್ನು ಪಾದದಿಂದ ಅಂಗಿಗೆ ತಂದಳು, ಅಲ್ಲೇ ನಿಲ್ಲಿಸಿಕೊಂಡಳು. ಸೆರಗಿನ ಗಂಟು ಬಿಚ್ಚಿ ಗುಂಡಿ ತೆಗೆದಳು. ಸೂಜಿ ಎಳೆದುಕೊಂಡಳು. ನಾನು ನೋಡುತ್ತಿದ್ದಂತೆ ನನ್ನವ್ವ ಖಾಲಿ ಗಾಳಿಗೆ ಗುಂಡಿ ಇಟ್ಟು ಹೊಲಿಯತೊಡಗಿದಳು. ಕೈ ನಡುಗಿ ಒಂದು ಸಲ ಬೆರಳಿಗೆ ಚುಚ್ಚಿಕೊಂಡಳು. "ಸುಮ್ನೆ ನಿಂತ್ಕೊಳ್ರೀ" ಎಂದಳು. ಗುಂಡಿ ಅವಳ ಎದೆಮಟ್ಟದಲ್ಲಿ ಯಾವ ಆಧಾರವೂ ಇಲ್ಲದೆ ನಿಂತಿತ್ತು. ನೂಲು ಅದರ ಹಿಂದೆ ಹೋಗಿ ಕಾಣೆಯಾಗಿ, ಮತ್ತೆ ಮುಂದೆ ಬರುತ್ತಿತ್ತು. ನಾಲ್ಕು ಸಲ, ಐದು ಸಲ. ಬುಡಕ್ಕೆ ಸುತ್ತಿ ಗಂಟು ಹಾಕಿದಳು. ಕತ್ತರಿ ಇರಲಿಲ್ಲ. ಬಗ್ಗಿ, ಹಲ್ಲಿನಿಂದ ನೂಲು ಕಡಿಯಲು ಮುಖವನ್ನು ಹತ್ತಿರ ತಂದಳು. ಯಾರದೋ ಎದೆಗೆ ಕೆನ್ನೆ ಒರಗಿಸಿದ ಹಾಗೆ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತಲೆ ಎತ್ತಿ ಮುಖ ನೋಡಿದಳು.

ಗುಂಡಿ ಅಲ್ಲಿರಲಿಲ್ಲ. ನೆಲದ ಮೇಲೂ ಇರಲಿಲ್ಲ. ಗೋಣಿತಾಟು ಕಿತ್ತು ಬೆಳಕು ಬಿಟ್ಟುಕೊಂಡು, ಕಾಳಿಂಗಣ್ಣನೂ ಸೇರಿ ಮೂವರೂ ತೊಟ್ಟಿಯ ಸಂದುಗೊಂದನ್ನೆಲ್ಲ ತಡಕಿದೆವು. ಎಲ್ಲೂ ಸಿಗಲಿಲ್ಲ. ಅವ್ವನ ತುಟಿಯ ಮೇಲೆ ಬಿಳಿ ನೂಲಿನ ಒಂದು ಚೂರು ಮಾತ್ರ ಅಂಟಿಕೊಂಡಿತ್ತು.

ಮನೆಯ ದಾರಿಯಲ್ಲಿ ಈ ಸಲ ಕೇಳುವ ಸರದಿ ನನ್ನದು.

"ಹೆಂಗಿದ್ರವ್ವ?"

"ಹಂಗೇ ಇದಾರೆ."

"ಏನಂದ್ರು?"

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇತ್ತು ಅನ್ನಿಸುತ್ತದೆ. "ಇದು ಎರಡು ತೂತಿಂದು, ಉಳಿದವೆಲ್ಲ ನಾಲ್ಕು ತೂತಿನವು. ಬರೋ ವರ್ಷ ಸರಿಯಾದ್ದು ತಗೊಂಡು ಬಾ ಅಂದ್ರು ಕಣೇ."

ಬೀದಿಯ ತಿರುವಿನವರೆಗೂ ಇಬ್ಬರೂ ನಕ್ಕೆವು. ಅಲ್ಲಿ ಅವ್ವ ತಟ್ಟನೆ ನಿಂತಳು. ಕೈ ಮತ್ತೆ ತಣ್ಣಗಾಗಿತ್ತು.

"ಬರೋ ವರ್ಷ ಕಾಣಿಸದೆ ಹೋದ್ರೆ ಏನೇ ಮಾಡೋದು? ನಂಗೆ ಹೆದರಿಕೆ ಆಗುತ್ತೆ ಕಣೇ ನೀಲ."

ಬೇರೆ ಊರಿನ ಮಗಳಾಗಿದ್ದರೆ ಧೈರ್ಯ ಹೇಳುತ್ತಿದ್ದಳು. ನಾನು ಹೇಳಲಿಲ್ಲ. ಆ ನಡುಗುವ ಕೈಯನ್ನು ಹಾಗೇ ಹಿಡಿದುಕೊಂಡು, ಕಾಳಿಂಗಣ್ಣನ ಅಂಗಡಿಯಲ್ಲಿ ನಾಲ್ಕು ತೂತಿನ ಬಿಳಿ ಗುಂಡಿ ಇರುತ್ತದೆ, ಬಾ, ಇವತ್ತೇ ತೆಗೆದಿಟ್ಟುಕೊಳ್ಳೋಣ ಎಂದೆ.